ಸಹಾಯ ಬೇಕು: 1665ರ ಲಂಡನ್ ಸಾವಿನ ಪಟ್ಟಿಯ ಎರಡು ಪದಕ್ಕೆ ಕನ್ನಡ

ತುಮಕೂರಿನ ಪಿಯುಸಿ ಇತಿಹಾಸದ ಮಕ್ಕಳಿಗೆ, ಯಾವ ಕಾರಣಕ್ಕೆ ಎಷ್ಟು ಜನ ಸತ್ತರು ಅನ್ನೋ ಈ ಪಟ್ಟಿಯನ್ನ ಕನ್ನಡದಲ್ಲಿ ಚಾರ್ಟ್ ಮಾಡ್ತಿದೀವಿ. ಎರಡು ಸಾಲಿನಲ್ಲಿ ಕೆಲಸ ನಿಂತಿದೆ.

ಆ ವರ್ಷ ಪಟ್ಟಿಯಲ್ಲಿರೋ ಒಟ್ಟು ಸಾವು 97,306, ಅದರಲ್ಲಿ ಪ್ಲೇಗ್ 68,596. ಕಾರಣ ಹೇಳ್ತಿದ್ದವರು ವೈದ್ಯರಲ್ಲ. ಚರ್ಚಿನ ಕಡೆಯಿಂದ ನೇಮಿಸಿದ ವಯಸ್ಸಾದ ಹೆಂಗಸರು ಹೆಣ ನೋಡಿ, ಮನೆಯವರನ್ನ ವಿಚಾರಿಸಿ ಹೇಳೋರು. ಪ್ಲೇಗ್ ಅಂದ್ರೆ ಮನೆಗೆ 40 ದಿನ ಬೀಗ, ಹಂಗಾಗಿ ದುಡ್ಡು ಕೊಟ್ಟು ಬೇರೆ ಕಾಯಿಲೆ ಬರೆಸೋರೂ ಇದ್ರು. ಅಲ್ಲಿರೋದು ಕಣ್ಣಿಗೆ ಕಂಡ ಲಕ್ಷಣ, ಇವತ್ತಿನ ಕಾಯಿಲೆ ಹೆಸರು ಹಾಕಿದ್ರೆ ಅರ್ಥವೇ ಕೆಡುತ್ತೆ.

‘ಕಿಂಗ್ಸ್ ಈವಿಲ್’ಗೆ ಗಂಡಮಾಲೆ (ಕುತ್ತಿಗೆಯಲ್ಲಿ ಗಂಟು ಏಳೋ ಕಾಯಿಲೆ), ‘ಗ್ರೈಪಿಂಗ್ ಇನ್ ದ ಗಟ್ಸ್’ಗೆ ಹೊಟ್ಟೆನುಲಿತ ಸರಿಹೋಯ್ತು.

‘ಟೀತ್ ಅಂಡ್ ವರ್ಮ್ಸ್’, 2,614. ‘ಟೀತ್’ ಅಂದ್ರೆ ಹಲ್ಲು ಬರೋ ವಯಸ್ಸಲ್ಲಿ ತೀರಿಹೋದ ಕೂಸುಗಳು. ‘ಹಲ್ಲು, ಜಂತುಹುಳ’ ಅಂತ ಬರೆದ್ರೆ ಮಕ್ಕಳು ಹುಳುಕು ಹಲ್ಲು ಅಂದ್ಕೋತಾರೆ. ‘ಶಿಶುಮರಣ’ ಹಾಕೋಣ ಅಂದ್ರೆ ಹಸುಗೂಸುಗಳದ್ದೇ ಬೇರೆ ಸಾಲಿದೆ.

‘ರೈಸಿಂಗ್ ಆಫ್ ದ ಲೈಟ್ಸ್’, 397. ಇಲ್ಲಿ ‘ಲೈಟ್ಸ್’ ಬೆಳಕಲ್ಲ, ಶ್ವಾಸಕೋಶ. ಅದು ಮೇಲಕ್ಕೇರಿ ಉಸಿರು ಕಟ್ಟುತ್ತೆ ಅನ್ನೋ ನಂಬಿಕೆ. ‘ಉಬ್ಬಸ’ ಹಾಕಿದ್ರೆ ಬರೀ ಆಸ್ತಮಾ ಅಂತ ಓದ್ತಾರೆ, ಗಂಟಲು ಕಟ್ಟೋ ಕಾಯಿಲೆಗಳು ಬಿಟ್ಟುಹೋಗುತ್ತವೆ.

ಪಾವಗಡ, ಮಧುಗಿರಿ, ಕೋಲಾರದ ಕಡೆ ಮನೆಯಲ್ಲಿ ಅಜ್ಜಿಯರಿರೋ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಕೇಳಿ ಹೇಳಿ: ಹಲ್ಲು ಬರುವಾಗ ಕೂಸಿಗೆ ಆಗೋ ಜ್ವರ, ಭೇದಿಗೆ ನಿಮ್ಮಲ್ಲಿ ಒಂದೇ ಹೆಸರಿದೆಯಾ? ಎದೆಯಿಂದ ಏನೋ ಮೇಲಕ್ಕೆ ಬಂದು ಉಸಿರು ಕಟ್ಟೋದಕ್ಕೆ ಏನಂತಾರೆ?