ಚೆಸ್ ಎಂಜಿನ್ನಿನ ‘ನೋಡ್’ಗೆ ಏನನ್ನೋಣ?

ಗೆಳೆಯರೇ,

ಚೆಸ್ ಎಂಜಿನ್ (ಚೆಸ್ ನಡೆಗಳನ್ನು ಲೆಕ್ಕಹಾಕುವ ಪ್ರೋಗ್ರಾಮ್) ಒಂದರ ತೆರೆಯ ಮೇಲಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇವೆ. ‘ನೋಡ್ಸ್ ಪರ್ ಸೆಕೆಂಡ್’ ಹತ್ತಿರ ಬಂದು ನಿಂತುಬಿಟ್ಟಿದ್ದೇವೆ. ಎಂಜಿನ್ ಮುಂದಿನ ನಡೆಗಳನ್ನು ಆಡಿ ನೋಡುವಾಗ ಒಂದೊಂದು ನಡೆಯಾದ ಮೇಲೆ ತಲುಪುವ ಜಾಗವೇ ‘ನೋಡ್’; ಸೆಕೆಂಡಿಗೆ ಅಂಥವು ಎಷ್ಟು ಅಂತ ತೋರಿಸಬೇಕು. ಯುಸಿಐ (ಎಂಜಿನ್ನೂ ತೆರೆಯ ಪ್ರೋಗ್ರಾಮೂ ಮಾತಾಡಿಕೊಳ್ಳುವ ರೀತಿ) ಬಳಸುವ ಎಂಜಿನ್‌ಗಳು ಎನ್‌ಪಿಎಸ್ ಅಂತ ಕಳಿಸುವ ಲೆಕ್ಕ ಇದು.

ಮೊದಲು ಸುಮ್ನೆ ‘ವೇಗ’ ಅಂತ ಹಾಕಿದ್ದೆವು. ‘ವೇಗ ತಪ್ಪಾಗಿದೆ’ ಅಂತ ಒಬ್ಬರ ದೂರು ಬಂತು. ಎಂಜಿನ್ ನಿಧಾನವಾಗಿದೆಯೋ, ತೋರಿಸುವ ಅಂಕಿ ತಪ್ಪೋ? ಆ ಮಾತಿನಿಂದ ಗೊತ್ತಾಗುವುದಿಲ್ಲ ಅಲ್ವಾ? ಕೆಟ್ಟಿದ್ದು ಭಾಗಾಕಾರ. ನಮ್ಮ ಪ್ರೋಗ್ರಾಮ್ ಕಳೆದ ಸಮಯದ ಮಿಲಿಸೆಕೆಂಡನ್ನು ಮೊದಲು 1000ದಿಂದ ಭಾಗಿಸಿ ಸೆಕೆಂಡ್ ಮಾಡಿಕೊಂಡು, ಅದರಿಂದ ನೋಡ್‌ಗಳನ್ನು ಭಾಗಿಸುತ್ತಿತ್ತು. ಪೂರ್ಣಾಂಕದ ಭಾಗಾಕಾರದಲ್ಲಿ ಶೇಷಕ್ಕೆ ಬೆಲೆ ಇಲ್ಲ. 1999 ಮಿಲಿಸೆಕೆಂಡ್ ಅಂದರೂ 1 ಸೆಕೆಂಡೇ. ಅಷ್ಟರಲ್ಲಿ 20 ಲಕ್ಷ ನೋಡ್ ಆಗಿದ್ದರೆ ತೆರೆಯ ಮೇಲೆ ಸೆಕೆಂಡಿಗೆ 20 ಲಕ್ಷ. ಸರಿಯಾದ್ದು ಸುಮಾರು 10 ಲಕ್ಷ! 999 ಮಿಲಿಸೆಕೆಂಡಿದ್ದರೆ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಮೇ ಬಿದ್ದುಹೋಗುವುದೂ ಉಂಟು. ಈಗ ಮೊದಲು 1000ದಿಂದ ಗುಣಿಸಿ, ಆಮೇಲೆ ಮಿಲಿಸೆಕೆಂಡಿನಿಂದ ಭಾಗಿಸುತ್ತೇವೆ. ಸಮಯ ಸೊನ್ನೆಯಿದ್ದರೆ 1 ಅಂತ ಹಿಡಿಯುತ್ತೇವೆ. ಇದಕ್ಕೆ ಕಂಪ್ಯೂಟರ್ ಸಂಖ್ಯೆ ಇಡುವ 32 ಬಿಟ್ ಜಾಗ ಸಾಲದು. ನೋಡ್‌ಗಳು 43 ಲಕ್ಷ ಮುಟ್ಟುವಷ್ಟರಲ್ಲೇ ಗುಣಲಬ್ಧ ಅದರಲ್ಲಿ ಹಿಡಿಸುವುದಿಲ್ಲ. 64 ಬಿಟ್ ಬೇಕು.

ಲೆಕ್ಕ ಸರಿಹೋಯಿತು. ಪದ ಇನ್ನೂ ಸಿಕ್ಕಿಲ್ಲ.

‘ನೋಡ್’ ಅಂತಲೇ ಬಿಟ್ಟರೆ, ‘ಸೆಕೆಂಡಿಗೆ 10 ಲಕ್ಷ ನೋಡ್’ ಅಂತ ಓದಿದವರು ಏನನ್ನು ನೋಡಬೇಕು ಅಂತ ಕೇಳುತ್ತಾರೆ. ‘ಸ್ಥಿತಿ’ ಹತ್ತಿರದ್ದು, ಆದರೆ ಪೂರ್ತಿ ಸರಿಯಲ್ಲ. ಬಿಳಿಯವನು ಮೊದಲು ಕುದುರೆ, ಆಮೇಲೆ ಕಾಲಾಳು ನಡೆಸಲಿ, ಇಲ್ಲವೇ ಕಾಲಾಳು ಮೊದಲು, ಕುದುರೆ ಆಮೇಲೆ ಅನ್ನಲಿ. ಎದುರಾಳಿಯ ನಡೆ ಅದೇ ಇದ್ದರೆ ಹಲಗೆಯ ಮೇಲಿನ ಸ್ಥಿತಿ ಒಂದೇ. ಎಂಜಿನ್ ಎರಡೂ ದಾರಿ ಹಿಡಿದರೆ ಎರಡು ನೋಡ್ ಅಂತ ಎಣಿಸುತ್ತದೆ. ‘ಕವಲು’ ಕೂಡ ಒಗ್ಗುವುದಿಲ್ಲ. ನಡೆಗಳು ಕವಲೊಡೆಯುತ್ತಾ ಹೋಗುವ ಹುಡುಕಾಟದ ಮರದ ತುದಿಯಲ್ಲಿ ಇರುವುದೂ ನೋಡೇ, ಅದಕ್ಕೆ ಕವಲೆಲ್ಲಿ?

ನನ್ನ ಓಟು ‘ಗೆಣ್ಣು’ಗೆ. ಕಬ್ಬಿಗೆ, ಬಿದಿರಿಗೆ, ಬೆರಳಿಗೆ ಇರುವಂಥದ್ದು. ಕಬ್ಬಿನಲ್ಲಿ ಕುಡಿಯೊಡೆಯುವುದೂ ಅಲ್ಲೇ. ಕೆಲವರು ಅದನ್ನೇ ‘ಗಿಣ್ಣು’ ಅನ್ನುತ್ತಾರೆ. ಹಾಗೆ ಬರೆದರೆ ಹಸು ಈದ ಮನೆಯ ತಿಂಡಿ ನೆನಪಾಗಿ ಚೆಸ್ ಮರೆತೇಹೋದೀತು! ಜೊತೆಗಿರುವವರೊಬ್ಬರು ‘ಗಂಟು’ ಅನ್ನುತ್ತಿದ್ದಾರೆ. ಗಂಟು ಅಂದರೆ ನನಗೆ ಬಿಚ್ಚಬೇಕಾದದ್ದು, ಇಲ್ಲವೇ ಯಾರೋ ಕೂಡಿಟ್ಟ ದುಡ್ಡು.

‘ಗೆಣ್ಣು’ ನಿಮ್ಮ ಕಡೆ ಮಾತಿನಲ್ಲಿದೆಯೇ? ಗಿಡಕ್ಕೆ ಮಾತ್ರವೋ, ಬೆರಳಿಗೂ ಹೇಳುತ್ತೀರೋ? ತೆರೆಯಲ್ಲಿ ಜಾಗ ಬಹಳ ಕಮ್ಮಿ. ‘ಗೆಣ್ಣು/ಸೆ.’ ಅಂತ ಹಾಕಿದರೆ ಅರ್ಥವಾಗುತ್ತದೆಯೇ, ಹೇಳಿ.