ಒಂದು ದಿನದ ಜಾಹೀರಾತು ಚಿತ್ರೀಕರಣಕ್ಕೆ "ಶಾಶ್ವತ ಹಕ್ಕು" ಬರೆದುಕೊಡಬೇಕೇ?

ಪ್ರಶ್ನೆ: ಮೂರನೇ ಬೆಲ್

ಎಲ್ಲರಿಗೂ ನಮಸ್ಕಾರ. ನನಗೆ 42 ವರ್ಷ. ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿ ನಾಟಕ ಮಾಡುತ್ತಿದ್ದೇನೆ. ನಡುನಡುವೆ ಧಾರಾವಾಹಿಗಳಲ್ಲಿ ಇನ್ಸ್‌ಪೆಕ್ಟರ್, ವೈದ್ಯ, ನಾಯಕಿಯ ಸೋದರಮಾವ ಇತ್ಯಾದಿಯಾಗಿ ನಾಲ್ಕು ದಿನ ಕಾಣಿಸಿಕೊಂಡು ಮರೆಯಾಗಿದ್ದೇನೆ. ರಂಗಶಂಕರದಲ್ಲಿ ಹೌಸ್‌ಫುಲ್ ಪ್ರದರ್ಶನ ಕೊಟ್ಟ ರಾತ್ರಿಯೂ ಆಟೋ ಖರ್ಚು ಕಳೆದು ಜೇಬಿನಲ್ಲಿ ಉಳಿಯುವುದೆಷ್ಟು ಎಂಬುದನ್ನು ಇಲ್ಲಿರುವ ರಂಗದ ಗೆಳೆಯರಿಗೆ ಹೇಳಬೇಕಾಗಿಲ್ಲ. ಮಗಳು ಹೈಸ್ಕೂಲು ಸೇರಿದ ಮೇಲೆ ಜಾಹೀರಾತುಗಳಿಗೆ ಪ್ರಯತ್ನಿಸಲೇಬೇಕೆಂದು ನಿಶ್ಚಯಿಸಿದೆ. ಎರಡು ವರ್ಷಗಳಲ್ಲಿ 31 ಆಡಿಷನ್ ಕೊಟ್ಟಿದ್ದೇನೆ. ಹೆಚ್ಚಿನವು ಮನೆಯ ಬಿಳಿ ಗೋಡೆಯ ಮುಂದೆ ನಿಂತು, ಹೆಂಡತಿಯ ಕೈಯಲ್ಲಿ ಮೊಬೈಲ್ ಕೊಟ್ಟು ಚಿತ್ರಿಸಿ ಕಳುಹಿಸಿದಂಥವು. ಐದು ಬಾರಿ ಶಾರ್ಟ್‌ಲಿಸ್ಟ್ ಆಗಿದ್ದೇನೆ. ಸಿಕ್ಕಿದ್ದು ಎರಡು ಕೆಲಸ: ಮನೆ ಕಟ್ಟಿಸುತ್ತಿರುವ ಮೇಷ್ಟ್ರಾಗಿ ಕಬ್ಬಿಣದ ಕಂಬಿಯ ಜಾಹೀರಾತು, ಮತ್ತು ಒಂದು ಕಂಪನಿಯವರು ತಮ್ಮ ನೌಕರರಿಗಾಗಿ ಮಾಡಿಸಿಕೊಂಡ ತರಬೇತಿ ಚಿತ್ರ.

ಈಗ ಅಡುಗೆ ಎಣ್ಣೆಯೊಂದರ ಜಾಹೀರಾತಿನಲ್ಲಿ ತಂದೆಯ ಪಾತ್ರಕ್ಕೆ ನನ್ನನ್ನು ಆರಿಸಿದ್ದಾರೆ. ಒಂದು ದಿನದ ಕೆಲಸ, 30,000 ರೂಪಾಯಿ. ನನ್ನ ಮಟ್ಟಿಗೆ ಸಣ್ಣ ಮೊತ್ತವಲ್ಲ. ಆದರೆ ಸಹಿ ಹಾಕಲು ಕಳುಹಿಸಿರುವ ನಾಲ್ಕು ಪುಟಗಳ ಇಂಗ್ಲಿಷ್ ಕರಾರಿನಲ್ಲಿ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ ಬಳಸುವ ಹಕ್ಕು ಅವರದೆಂದು ಬರೆದಿದೆ. ಎರಡು ವರ್ಷ ಬೇರೆ ಯಾವುದೇ ಆಹಾರ ಪದಾರ್ಥದ ಜಾಹೀರಾತಿನಲ್ಲಿ ನಟಿಸಬಾರದು. ಹಣ ಬಿಲ್ ಕೊಟ್ಟ 90 ದಿನಗಳ ನಂತರ.

ಹಿಂದೊಮ್ಮೆ ಕೈ ಸುಟ್ಟುಕೊಂಡಿರುವುದರಿಂದ ಕೇಳುತ್ತಿದ್ದೇನೆ. ಕಂಬಿಯ ಜಾಹೀರಾತನ್ನು ಒಂದು ವರ್ಷ ಮೊಬೈಲಿನಲ್ಲಿ ಮಾತ್ರ ತೋರಿಸುತ್ತೇವೆಂದು ಬಾಯಿಮಾತಿನಲ್ಲಿ ಹೇಳಿದ್ದರು. ಎರಡನೇ ವರ್ಷವೂ ಮುಗಿಯುತ್ತ ಬಂದಿರುವಾಗ, ಕಳೆದ ತಿಂಗಳು ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ತುಮಕೂರು ರಸ್ತೆಯ ಹೋರ್ಡಿಂಗ್ ಒಂದರಲ್ಲಿ ನನ್ನನ್ನೇ ನೋಡಿದೆ. ಪಕ್ಕದಲ್ಲಿ ಕುಳಿತಿದ್ದವರೂ ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿದರು. ಕೆಲಸ ಕೊಡಿಸಿದವರು ಈಗ ಫೋನ್ ಎತ್ತುವುದಿಲ್ಲ. ಈ ಕರಾರಿನ ಬಗ್ಗೆ ತಕರಾರು ತೆಗೆದರೆ ಪಾತ್ರವೇ ಕೈತಪ್ಪುವುದೇ? ಇನ್ನೊಂದು ಮಾತು: 5,000 ರೂಪಾಯಿ ಕಟ್ಟಿ "ನೋಂದಣಿ" ಮಾಡಿಸಿದರೆ ತಿಂಗಳಿಗೆ ನಾಲ್ಕು ಆಡಿಷನ್ ಖಚಿತವೆಂದು ಒಬ್ಬರು ಹೇಳುತ್ತಿದ್ದಾರೆ. ಕಟ್ಟಬಹುದೇ?

ಉತ್ತರ 1: ಲುಕ್ ಟೆಸ್ಟ್

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಕಟ್ಟಬೇಡಿ. ಒಂಬತ್ತು ವರ್ಷಗಳಿಂದ ಕಾಸ್ಟಿಂಗ್ ಕೆಲಸ, ಅಂದರೆ ಪಾತ್ರಗಳಿಗೆ ನಟರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದ್ದೇನೆ. ನಮ್ಮ ಪಾಲು ಬರುವುದು ನಿಮಗೆ ಕೆಲಸ ಸಿಕ್ಕ ಮೇಲೆ, ಸಂಭಾವನೆಯಲ್ಲಿ. ನಾನು ಕಂಡಂತೆ ನೂರಕ್ಕೆ ಹತ್ತರಿಂದ ಇಪ್ಪತ್ತು. ಮುಂಗಡ ಕೇಳುವವನ ಆದಾಯ ನಿಮಗೆ ಕೆಲಸ ಸಿಗದಿದ್ದರೂ ನಡೆಯುತ್ತದೆ. ಹಾಗಿರುವಾಗ ಅವನೇಕೆ ನಿಮಗೆ ಕೆಲಸ ಹುಡುಕಬೇಕು?

ಇನ್ನು ಕರಾರು. ರಂಗಭೂಮಿಯಿಂದ ಬಂದವರು 30,000ವನ್ನು ಒಂದು ದಿನದ ಕೂಲಿಯೆಂದು ಲೆಕ್ಕ ಹಾಕಿ ಹಿಗ್ಗುತ್ತಾರೆ. ಅದು ಕೂಲಿಯಲ್ಲ, ನಿಮ್ಮ ಮುಖದ ಬಾಡಿಗೆ. ಆಹಾರ ಪದಾರ್ಥವೆಂದರೆ ಎಣ್ಣೆಯೊಂದೇ ಅಲ್ಲ. ಮಸಾಲೆ ಪುಡಿ, ಹಾಲು, ಬಿಸ್ಕತ್ತು, ಚಹಾ, ಉಪ್ಪು ಎಲ್ಲವೂ ಬರುತ್ತವೆ. ನಡುವಯಸ್ಸಿನ ತಂದೆಯ ಮುಖಕ್ಕೆ ಬೆಂಗಳೂರಿನಲ್ಲಿ ಬರುವ ಕೆಲಸಗಳಲ್ಲಿ ದೊಡ್ಡ ಪಾಲು ಇವುಗಳದೇ. ಅಂದರೆ ತಿಂಗಳಿಗೆ 1,250 ರೂಪಾಯಿಗೆ ನಿಮ್ಮ ಅರ್ಧ ಮಾರುಕಟ್ಟೆಯನ್ನು ಅವರಿಗೆ ಒತ್ತೆಯಿಟ್ಟಂತಾಯಿತು.

ಕೇಳಿದ ಮಾತ್ರಕ್ಕೆ ಯಾರೂ ಪಾತ್ರ ಕಿತ್ತುಕೊಳ್ಳುವುದಿಲ್ಲ. ಆದರೆ ಕೇಳುವ ಹೊತ್ತು, ಕೇಳುವ ವ್ಯಕ್ತಿ ಎರಡೂ ಸರಿಯಿರಬೇಕು. ಚಿತ್ರೀಕರಣದ ಬೆಳಗ್ಗೆ ಮೇಕಪ್ ಕುರ್ಚಿಯಲ್ಲಿ ಕುಳಿತು ಕೇಳಿದರೆ ಜಗಳವಾಗುತ್ತದೆ. ಬ್ರಾಂಡಿನವರನ್ನು ನೇರವಾಗಿ ಕೇಳಿದರೆ ಮಧ್ಯದಲ್ಲಿರುವ ನಮಗೆಲ್ಲ ಮುಜುಗರ. ಇವತ್ತೇ ನಿಮ್ಮನ್ನು ಕರೆದ ಕಾಸ್ಟಿಂಗ್‌ನವರಿಗೆ ಇಮೇಲ್ ಬರೆದು, ನಿರ್ಬಂಧ ಅಡುಗೆ ಎಣ್ಣೆಗೆ ಮಾತ್ರ ಸೀಮಿತವಾಗಲಿ, ಬಳಕೆಯ ಅವಧಿ ಇಷ್ಟೇ ಎಂದಾಗಲಿ, ಮುಂದುವರಿಸಿದರೆ ಇಂತಿಷ್ಟು ಕೊಡಲಿ ಎಂದು ಕೇಳಿ. ಬ್ರಾಂಡಿನವರು ನಿಮ್ಮನ್ನು ಒಪ್ಪಿ, ನಿಮ್ಮ ಮುಖಕ್ಕೆ ಹೊಂದುವ ತಾಯಿ, ಮಕ್ಕಳನ್ನೂ ಆರಿಸಿಯಾದ ಮೇಲೆ ತಂದೆಯನ್ನು ಬದಲಿಸುವುದು ನೀವು ಅಂದುಕೊಂಡಷ್ಟು ಸುಲಭವಲ್ಲ.

ಕೇಳದಿದ್ದರೂ ಒಂದು ಸಲಹೆ. ನಿಮ್ಮ 31ರಲ್ಲಿ ಎಷ್ಟು ಆಡಿಷನ್‌ಗಳು ಹುಬ್ಬಿನಿಂದ ಹೋದವೋ ತಿಳಿಯದು! ನಾಟಕದವರಿಗೆ ಖಾಲಿ ಲೋಟ ಕೊಟ್ಟು "ಕಾಫಿ ಕುಡಿಯಿರಿ, ಚೆನ್ನಾಗಿದೆ" ಎಂದರೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಫಿಯ ಸ್ವಾದ ತಿಳಿಯುವಂತೆ ಹುಬ್ಬು ಮೇಲೇರುತ್ತದೆ. ಕ್ಯಾಮೆರಾ ನಿಮ್ಮಿಂದ ಮೂರಡಿ ದೂರದಲ್ಲಿದೆ. ಗುಟುಕು ನುಂಗಿ, ಲೋಟದ ಕಡೆ ಒಮ್ಮೆ ನೋಡಿದರೆ ಸಾಕು. ಹೆಸರು, ಎತ್ತರ, ವಯಸ್ಸು ಹೇಳಿ ಎಡ, ಬಲ ಮುಖ ತೋರಿಸಿದ ಮೇಲೆ ಅಂಗೈ, ಮುಂಗೈ ತೋರಿಸಿ ಎನ್ನುತ್ತೇವಲ್ಲ, ಅದು ಶಾಸ್ತ್ರಕ್ಕಲ್ಲ. ಎಣ್ಣೆಯ ಪ್ಯಾಕೆಟ್ ಹಿಡಿಯುವುದು ಆ ಕೈ. ಹಿಂದಿನ ದಿನ ಉಗುರು ಕತ್ತರಿಸಿಕೊಂಡಿರಿ.

ಉತ್ತರ 2: ಕರಿಕೋಟು

ವಕೀಲನಾಗಿ ಕೆಲವು ಮಾತು. ನಿಮ್ಮ ಕರಾರನ್ನು ನಾನು ಓದಿಲ್ಲವಾದ್ದರಿಂದ ಇವನ್ನು ಸಾಮಾನ್ಯ ತಿಳಿವಳಿಕೆಯೆಂದೇ ಭಾವಿಸಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಪ್ರದರ್ಶಕರ, ಅಂದರೆ ನಟರು, ಗಾಯಕರು ಮುಂತಾದವರ ಹಕ್ಕುಗಳನ್ನು ಬಲಪಡಿಸಿತು. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಭಾವಿಸಬೇಕೆಂದು ಕಾಯ್ದೆಯ 19ನೇ ಕಲಂ ಹೇಳುತ್ತದೆ. 39ಎ ಕಲಮಿನ ಮೂಲಕ ಅದು ಪ್ರದರ್ಶಕರ ಹಕ್ಕಿಗೂ ಅನ್ವಯಿಸುತ್ತದೆ. "ಶಾಶ್ವತ", "ಜಗತ್ತಿನಾದ್ಯಂತ" ಎಂದು ಅವರು ಬರೆದಿರುವುದು ಆ ಬಾಗಿಲುಗಳನ್ನು ಮುಚ್ಚುವುದಕ್ಕೇ. ಅದೇ ಕಾಯ್ದೆಯ ಇನ್ನೊಂದು ಮಾತು ಜಾಹೀರಾತು ನಟರು ಗಮನಿಸಬೇಕಾದದ್ದು: ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಕಾಣಿಸಿಕೊಂಡು, ಹೆಸರುಪಟ್ಟಿಯಲ್ಲಿ ಉಲ್ಲೇಖವಾಗದವರನ್ನು, ಪ್ರದರ್ಶನ ತಿರುಚಿದ್ದಕ್ಕೆ ಆಕ್ಷೇಪಿಸುವ ಹಕ್ಕೊಂದನ್ನು ಬಿಟ್ಟು, ಪ್ರದರ್ಶಕರೆಂದು ಪರಿಗಣಿಸುವಂತಿಲ್ಲ. ಜಾಹೀರಾತಿನಲ್ಲಿ ಹೆಸರುಪಟ್ಟಿಯೇ ಇರುವುದಿಲ್ಲ! ಪ್ರಧಾನ ಪಾತ್ರವೆಂದು ವಾದಿಸಬಹುದು, ನಿಜ. ಆದರೆ 30,000 ರೂಪಾಯಿಯ ಕೆಲಸಕ್ಕೆ ಯಾರು ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾರೆ? 2023ರ ಸೆಪ್ಟೆಂಬರಿನಲ್ಲಿ ನಟ ಅನಿಲ್ ಕಪೂರ್ ಅವರ ಮುಖ, ಧ್ವನಿ, ಹೆಸರುಗಳ ಅನಧಿಕೃತ ಬಳಕೆಗೆ ದೆಹಲಿ ಹೈಕೋರ್ಟ್ ತಡೆ ನೀಡಿತು. ಆ ರಕ್ಷಣೆ ನಿಂತಿರುವುದು ಬಹುಮಟ್ಟಿಗೆ ಅವರ ಖ್ಯಾತಿಯ ಮೇಲೆ. ಖ್ಯಾತಿಯಿಲ್ಲದವರಿಗೆ ಕಾಗದವೇ ಗತಿ. ಆದ್ದರಿಂದ ಮುಖ, ಧ್ವನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಬಾರದೆಂಬ ಒಂದು ಸಾಲನ್ನೂ ಸೇರಿಸಿ.

ಹಣದ ವಿಷಯ ಬೇರೆ. ಕೇಂದ್ರ ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ಸೂಕ್ಷ್ಮ ಸೇವಾ ಉದ್ಯಮವೆಂದು ನೋಂದಾಯಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಅಂಥವರಿಗೆ ಪಾವತಿಯ ಗಡುವು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನ ಮೀರುವಂತಿಲ್ಲ. ನೋಂದಣಿ ಸಹಿಗೆ ಮೊದಲೇ ಆಗಿರಲಿ, ಅದರ ಸಂಖ್ಯೆ ಬಿಲ್ಲಿನ ಮೇಲಿರಲಿ. ಹೋರ್ಡಿಂಗಿನ ಬಗ್ಗೆ ಹೇಳುವುದಾದರೆ, ದಿನಾಂಕ ಕಾಣುವಂತೆ ಫೋಟೋ ತೆಗೆದು, ಹಳೆಯ ವಾಟ್ಸಾಪ್ ಸಂದೇಶಗಳಲ್ಲಿ "ಒಂದು ವರ್ಷ" ಎಂಬ ಮಾತು ಎಲ್ಲಾದರೂ ಬಂದಿದೆಯೇ ಹುಡುಕಿ. ಬಂದಿದ್ದರೆ ನೋಟಿಸು ಕಳುಹಿಸಬಹುದು.

ಉತ್ತರ 3: ಹಿನ್ನೆಲೆ ಧ್ವನಿ

ಮುಂಬೈಯಲ್ಲಿ ಎಂಟು ತಿಂಗಳು ಇದ್ದು ಬಂದವನು ನಾನು. ಆಡಿಷನ್ ನಡೆಸುವವರೇ ತುಂಬಿರುವ ಅಂಧೇರಿಯ ಆರಾಮ್ ನಗರದಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಲೆದು "ನಾಟ್ ಫಿಟ್" ಎಂಬ ಎರಡು ಪದಗಳನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ದೊಡ್ಡ ಬ್ರಾಂಡುಗಳು ಅಲ್ಲಿ ಹಿಂದಿಯಲ್ಲಿ ಚಿತ್ರಿಸಿ, ಕನ್ನಡಕ್ಕೆ ಡಬ್ ಮಾಡಿಸಿ ಇಲ್ಲಿಗೆ ಕಳುಹಿಸುತ್ತವೆ. ಸಿನಿಮಾ ಡಬ್ಬಿಂಗ್ ಬೇಡವೆಂದು ನಾವು ದಶಕಗಳ ಕಾಲ ಹೋರಾಡುತ್ತಿದ್ದಾಗಲೂ, ಜಾಹೀರಾತುಗಳು ಸದ್ದಿಲ್ಲದೆ ಹಾಗೆಯೇ ಬರುತ್ತಿದ್ದವು. ನಾನು ಈಗ ಆ ಡಬ್ಬಿಂಗಿನಲ್ಲೇ ಜೀವನ ಮಾಡುತ್ತಿದ್ದೇನೆ. ಹಿಂದಿ ತುಟಿಗಳಿಗೆ "ರುಚಿಯೂ ಉಂಟು, ಆರೋಗ್ಯವೂ ಉಂಟು" ಎಂದು ಹೊಂದಿಸುವುದರಲ್ಲಿ ನನ್ನ ಎನ್.ಎಸ್.ಡಿ. (ರಾಷ್ಟ್ರೀಯ ನಾಟಕ ಶಾಲೆ) ಕನಸುಗಳೆಲ್ಲ ಸಾರ್ಥಕವಾಗಿವೆ. ನಿಮ್ಮ ಕರಾರಿನಲ್ಲಿ "ಎಲ್ಲ ಭಾಷೆಗಳಲ್ಲಿ" ಎಂದಿದೆಯಲ್ಲ, ಕನ್ನಡದ ಧ್ವನಿ ನಿಮ್ಮದೇ ಇರಬೇಕೆಂದು, ಅದಕ್ಕೆ ಬೇರೆ ಹಣವೆಂದು ಕೇಳಿ. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಎಂಬುದು ಗೊತ್ತು.

ಮೂರನೇ ಬೆಲ್

ಎಲ್ಲರಿಗೂ ಕೃತಜ್ಞತೆಗಳು. ಇಮೇಲ್ ಕಳುಹಿಸಿ ಎರಡು ದಿನ ಉತ್ತರ ಬರಲಿಲ್ಲ. ಪಾತ್ರ ಹೋಯಿತೆಂದೇ ತಿಳಿದಿದ್ದೆ. ಮೂರನೇ ದಿನ ತಿದ್ದಿದ ಪ್ರತಿ ಬಂತು. ನಿರ್ಬಂಧ ಅಡುಗೆ ಎಣ್ಣೆಗೆ ಮಾತ್ರ, ಬಳಕೆ ಭಾರತದಲ್ಲಿ ಎರಡು ವರ್ಷ, ಮುಂದುವರಿಸಿದರೆ ವರ್ಷಕ್ಕೆ 15,000. ಕೃತಕ ಬುದ್ಧಿಮತ್ತೆಯ ಸಾಲನ್ನು ಸೇರಿಸಿದ್ದಾರೆ. ಧ್ವನಿಗೆ ಬೇರೆ ಹಣ ಕೊಡುವುದಿಲ್ಲವೆಂದರು. ಧ್ವನಿ ಮಾತ್ರ ನನ್ನದೇ. ಉದ್ಯಮ್ ನೋಂದಣಿ ಮುಗಿಸಿದ್ದೇನೆ. ಹೋರ್ಡಿಂಗಿಗೆ ಸಂಬಂಧಿಸಿದ ಸಂದೇಶಗಳು ಹಳೆಯ ಫೋನಿನೊಂದಿಗೇ ಹೋಗಿವೆ.

ಒಂದೇ ತೊಡಕು ಉಳಿದಿದೆ. ಚಿತ್ರೀಕರಣ ಗುರುವಾರ, ಮುಖ ನುಣ್ಣಗಿರಬೇಕು. ಶನಿವಾರ ಕಲಾಗ್ರಾಮದಲ್ಲಿ ಪ್ರದರ್ಶನವಿದೆ, ಆ ಪಾತ್ರಕ್ಕೆಂದು ನಾಲ್ಕು ತಿಂಗಳಿಂದ ಗಡ್ಡ ಬಿಟ್ಟಿದ್ದೇನೆ. ಅಂಟಿಸುವ ಗಡ್ಡ ಸಿಗುವ ಅಂಗಡಿಯನ್ನು ಪತ್ತೆ ಮಾಡಿಟ್ಟಿದ್ದೇನೆ. ನಾಟಕದ ನಿರ್ದೇಶಕರಿಗೆ ಇನ್ನೂ ಹೇಳಿಲ್ಲ.