ಅಪ್‌ಡೇಟ್: ಕೆವಿಎಂ ಗೆಸ್ಟ್‌ನ ಕ್ರ್ಯಾಶ್ ಡಂಪ್ ಸಿಕ್ತು

ಬೆಳಗಾವಿಯ ನಮ್ಮ ಲಿನಕ್ಸ್ ಗೆಸ್ಟ್ (ಕೆವಿಎಂ ಮ್ಯಾಲ ಓಡೂ ವರ್ಚುವಲ್ ಮಷೀನ್) ಪ್ಯಾನಿಕ್ ಆದ್ರೂ, ಅಂದ್ರ ಕರ್ನಲ್ ಕೆಟ್ಟು ನಿಂತ್ರೂ, ವಿಎಂಕೋರ್ (ಆ ಹೊತ್ತಿನ ಮೆಮೊರಿಯ ಡಂಪ್ ಫೈಲ್) ಯಾಕ ಬರವಲ್ದು ಅಂತ ಕೇಳಿದ್ದೆನಲ್ರೀ, ಬಗೆಹರೀತು.

ತಪ್ಪು ಎರಡು ಇದ್ದವು. ಗ್ರಬ್ (ಬೂಟ್‌ಲೋಡರ್) ಫೈಲಿನಾಗ ಕ್ರ್ಯಾಶ್‌ಕರ್ನಲ್ (ಡಂಪ್ ತೆಗಿಯೂ ಎರಡನೇ ಕರ್ನಲ್‌ಗೆ ಮೆಮೊರಿ ಕಾದಿಡೂ ಸೆಟ್ಟಿಂಗ್) ಬರೆದಿದ್ದೆ, ಆದ್ರ ಗ್ರಬ್ ಕಾನ್ಫಿಗ್ ಮತ್ತ ತಯಾರಿಸಿರಲಿಲ್ಲ. ಅದಕ್ಕ ಕೆಎಕ್ಸೆಕ್ ಕ್ರ್ಯಾಶ್ ಸೈಜ್ (ಹಂಗ ಕಾದಿಟ್ಟ ಮೆಮೊರಿಯ ಅಳತೆ) ಸೊನ್ನೆ ಇತ್ತು. ಅದನ್ನ ಸರಿಮಾಡಿದ ಮ್ಯಾಲ 128 ಎಂಬಿ ಸಾಲಲಿಲ್ಲ. ಎರಡನೇ ಕರ್ನಲ್‌ನಾಗ ಮೆಮೊರಿ ತೀರಿ ಡಂಪ್ ಅರ್ಧಕ್ಕ ನಿಂತ್ತು. 256 ಎಂಬಿ ಕೊಟ್ಟು ರೀಬೂಟ್ ಮಾಡಿ, ಸಿಸ್‌ಆರ್‌ಕ್ಯೂ ಟ್ರಿಗರ್‌ಗೆ (ಕರ್ನಲ್‌ಗೆ ನೇರ ಆಜ್ಞೆ ಕೊಡೂ ಫೈಲ್) 'ಸಿ' ಬರೆದು ಬೇಕಂತನ ಕೆಡವಿದೆ. ವಿಎಂಕೋರ್ ಪೂರಾ ಬಂತು. ಈ ಪರೀಕ್ಷೆ ಬಿಡಬ್ಯಾಡ್ರಿ, ಡಂಪ್ ತೆಗಿಯೂ ಕೆಡಂಪ್ ಸರ್ವೀಸ್ 'ಆಕ್ಟಿವ್' ಅಂದ್ರ ಸಾಲೂದಿಲ್ಲ.

ಪ್ಯಾನಿಕ್ ಆಗದ ಬರೇ ಹ್ಯಾಂಗ್ ಆದ್ರ: ಗೆಸ್ಟ್‌ನಾಗ ಅನ್‌ನೋನ್ ಎನ್‌ಎಂಐ ಪ್ಯಾನಿಕ್ ಸೆಟ್ಟಿಂಗ್ 1 ಮಾಡಿಟ್ಟು (ಎನ್‌ಎಂಐ ಅಂದ್ರ ತಡಿಯಾಕ ಬರದ ಇಂಟರಪ್ಟ್, ಅದು ಬಂದ್ರ ಗೆಸ್ಟ್ ಪ್ಯಾನಿಕ್ ಆಗ್ತದ), ಗೆಸ್ಟ್ ಓಡಸೂ ಹೋಸ್ಟ್ ಮಷೀನ್‌ನಿಂದ ವರ್ಶ್ ಇಂಜೆಕ್ಟ್-ಎನ್‌ಎಂಐ ಕಮಾಂಡ್ ಕಳಿಸ್ರಿ. ಡಂಪ್ ಓದಾಕ ಅದೇ ಕರ್ನಲ್ ಬಿಲ್ಡ್‌ನ ಡೀಬಗ್ ವಿಎಂಲಿನಕ್ಸ್ (ಡೀಬಗ್ ಮಾಹಿತಿ ಇರೂ ಕರ್ನಲ್ ಫೈಲ್) ಬೇಕು.